ಅಪ್ಪ ಎಣಿಸಿದ 655 ಸುತ್ತು

ಅಪ್ಪನ ದನಿ ಕಟ್ಟಿದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಟ್ರ್ಯಾಕ್ ಪಕ್ಕ ನಿಂತು ನನ್ನ ಪ್ರತಿ ಸುತ್ತಿನ ಟೈಮ್ ಕೂಗಿ ಹೇಳುವುದು ಅವರ ಕೆಲಸ. "ಎಪ್ಪತ್ತೆಂಟು! ಭುಜ ಇಳಿಸು! ಎಪ್ಪತ್ತೊಂಬತ್ತು! ಏನಾಯ್ತು?" ಕೂಗಿ ಕೂಗಿ ಗಂಟಲು ಹೋಗಿದೆ, ನಾಲ್ಕು ದಿನ ಸುಮ್ನಿದ್ದರೆ ಸರಿಹೋಗುತ್ತದೆ ಅಂದುಕೊಂಡೆವು. ಮೂರು ವಾರಕ್ಕಿಂತ ಜಾಸ್ತಿ ದನಿ ಕಟ್ಟಿದ್ದರೆ ಡಾಕ್ಟರಿಗೆ ತೋರಿಸಲೇಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ. ನಾವು ಐದು ತಿಂಗಳು ಕಳೆದೆವು. ಆ ಹೊತ್ತಿಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಗೆಡ್ಡೆ ಅಕ್ಕಪಕ್ಕಕ್ಕೂ ಹಬ್ಬಿತ್ತು. ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕಾಯಿತು. ಆಗ ನನಗೆ 17 ವರ್ಷ.

ಈ ಆಪರೇಷನ್ ಆದಮೇಲೆ ಉಸಿರಾಟ ಮೂಗಿನಿಂದಲೂ ಇಲ್ಲ, ಬಾಯಿಂದಲೂ ಇಲ್ಲ. ಕತ್ತಿನ ಬುಡದಲ್ಲಿ ಒಂದು ರಂಧ್ರ ಮಾಡಿರುತ್ತಾರೆ, ಗಾಳಿಯೆಲ್ಲ ಅಲ್ಲಿಂದಲೇ. ಮಾತು ಹೋಗುತ್ತದೆ ಅನ್ನುವುದಕ್ಕೆ ನಾವು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಮಿಕ್ಕ ಸಣ್ಣ ಸಣ್ಣ ವಿಷಯಗಳಿಗೆ ಯಾರೂ ತಯಾರಾಗಿರಲಿಲ್ಲ. ಬಿಸಿ ಲೋಟವನ್ನು ಊದಿ ಆರಿಸಲು ಆಗುವುದಿಲ್ಲ. ಮೂಗಿನಿಂದ ಗಾಳಿ ಓಡಾಡದ ಕಾರಣ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮತ್ತೆ ಟ್ರ್ಯಾಕಿಗೆ ಬಂದ ಮೊದಲ ದಿನ ಅಪ್ಪ ಅಭ್ಯಾಸಬಲದಿಂದ ಜೇಬಿನಿಂದ ವಿಸಿಲ್ ತೆಗೆದು ತುಟಿಗಿಟ್ಟುಕೊಂಡರು. ಕೆನ್ನೆ ಉಬ್ಬಿತು, ಸದ್ದು ಬರಲಿಲ್ಲ. ಗಾಳಿ ಕತ್ತಿನ ಹತ್ತಿರ ಕಟ್ಟಿದ್ದ ಹತ್ತಿಬಟ್ಟೆಯನ್ನು ಅಲ್ಲಾಡಿಸಿತು, ಅಷ್ಟೇ. ಅವರು ವಿಸಿಲನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಆಮೇಲೆ ಚಪ್ಪಾಳೆ ಹೊಡೆದು ಓಡು ಅಂತ ಸನ್ನೆ ಮಾಡಿದರು.

ಏಳು ತಿಂಗಳ ನಂತರ ಅವರ ಕೈಗೆ ಎಲೆಕ್ಟ್ರೋಲ್ಯಾರಿಂಕ್ಸ್ ಬಂತು. ಟಾರ್ಚಿನಷ್ಟು ದೊಡ್ಡ ಯಂತ್ರ. ಕತ್ತಿಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಅದರ ನಡುಕ ಚರ್ಮದ ಮೂಲಕ ಬಾಯಿಯೊಳಗೆ ಹೋಗುತ್ತದೆ. ನಾಲಿಗೆ, ತುಟಿ ಅದನ್ನು ಮಾತು ಮಾಡುತ್ತವೆ. ದನಿ ಒಂದೇ ಸಮ ಇರುತ್ತದೆ, ಏರಿಳಿತ ಇಲ್ಲ. ಆದರೂ ಅದು ಮಾತು. ಆ ಏಳು ತಿಂಗಳು ಕಾದಿದ್ದು ಹಣ ಹೊಂದಿಸಲಿಕ್ಕೆ. ಸ್ಲೇಟು ಹಿಡಿದುಕೊಂಡು ಅಪ್ಪ ಮನೆಯಲ್ಲಿ ಓಡಾಡುತ್ತಿದ್ದ ಆ ದಿನಗಳು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಅವರು ಉತ್ತರ ಬರೆದು ಮುಗಿಸುವಷ್ಟರಲ್ಲಿ ನಾವು ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದೆವು.

ನಮ್ಮ ಓಟದ ಗುಂಪಿನಲ್ಲಿ 12 ಜನ. 15ರಿಂದ 20 ವರ್ಷದವರು. ಏನಾದರೂ ಮಾಡಬೇಕು ಅಂತ ನಾನು ಬಾಯಿಬಿಟ್ಟ ದಿನವೇ ಗೊತ್ತಾಗಿದ್ದು, 12ರಲ್ಲಿ ಒಂಬತ್ತು ಮಂದಿಯ ಮನೆಗೆ ಕ್ಯಾನ್ಸರ್ ಬಂದುಹೋಗಿದೆ ಅಂತ. ಒಬ್ಬಳ ಅಜ್ಜಿಗೆ ಸ್ತನದ ಕ್ಯಾನ್ಸರ್. ಒಬ್ಬನ ಸೋದರಮಾವನಿಗೆ ಕರುಳಿನದು. ಹರ್ಡಲ್ಸ್ ಓಡುವ ಹುಡುಗನ ತಮ್ಮ ಎಂಟನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಮೂರು ವರ್ಷ ಜೊತೆಗೇ ಓಡಿದ್ದೇವೆ, ನಮಗೆ ಗೊತ್ತೇ ಇರಲಿಲ್ಲ.

ಹೇಗೆ ಮಾಡುವುದು ಅಂತ ಹುಡುಕುವಾಗ ಕೋಚ್ ಸರ್ ಗಾರ್ಡನ್ ಕ್ಲಾಟ್ ವಿಷಯ ಹೇಳಿದರು. ಅಮೆರಿಕದ ಟಕೋಮಾದ ಸರ್ಜನ್ ಅವರು. 1985ರ ಮೇ ತಿಂಗಳಲ್ಲಿ 24 ಗಂಟೆ ಒಬ್ಬರೇ ಟ್ರ್ಯಾಕ್ ಸುತ್ತಿದರು, 83 ಮೈಲಿ. 25 ಡಾಲರ್ ಕೊಟ್ಟವರು ಅರ್ಧ ಗಂಟೆ ಅವರ ಜೊತೆ ಓಡಬಹುದಿತ್ತು, ನಡೆಯಬಹುದಿತ್ತು. 27,000 ಡಾಲರ್ ಕೂಡಿತು. ಕ್ಯಾನ್ಸರಿಗಾಗಿ ಹಣ ಕೂಡಿಸುವ ರಿಲೇ ಫಾರ್ ಲೈಫ್ ಅನ್ನುವ ನಡಿಗೆ ಶುರುವಾಗಿದ್ದು ಹಾಗೆ. ಆ ಅರ್ಧ ಗಂಟೆ ನಮಗೆ ಹಿಡಿಸಿತು. ನಾವು 12 ಜನ, ತಲಾ ನಾಲ್ಕು ಸರದಿ, ಸರದಿಗೆ ಅರ್ಧ ಗಂಟೆ. 24 ಗಂಟೆ ಸರಿಯಾಗಿ ತುಂಬುತ್ತದೆ.

ಹಣ ಯಾವುದಕ್ಕೆ ಅನ್ನುವುದರ ಬಗ್ಗೆ ಜಗಳವೇ ಆಯಿತು. ನನಗೆ ಮಾತಿನ ಯಂತ್ರಗಳು ಬೇಕಿತ್ತು. ಸಂಶೋಧನೆಗೆ ಕೊಡೋಣ ಅಂತ ಇಬ್ಬರು. ಹರ್ಡಲ್ಸ್ ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ಮಕ್ಕಳ ಕ್ಯಾನ್ಸರ್ ಶ್ರೀಮಂತ ದೇಶಗಳಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ವಾಸಿಯಾಗುತ್ತೆ. ಎಷ್ಟೋ ಬಡ ದೇಶಗಳಲ್ಲಿ 30 ಕೂಡ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿರೋದು. ಔಷಧಿ ಇರೋಲ್ಲ ಅಂತ ಮಾತ್ರ ಅಲ್ಲ. ಬಸ್ಸಿಗೆ ದುಡ್ಡಿಲ್ಲ, ಉಳಿಯೋಕೆ ಜಾಗ ಇಲ್ಲ ಅಂತ ಅರ್ಧಕ್ಕೇ ಬಿಟ್ಟು ಹೋಗ್ತಾರೆ. ನಮ್ಮ ವಾರ್ಡಿನಲ್ಲಿ ಹಾಗೆ ಹೋದವರನ್ನ ನಾನೇ ನೋಡಿದೀನಿ." ಯಾರೂ ಎದುರು ಮಾತಾಡಲಿಲ್ಲ. ಕೊನೆಗೆ ನಮ್ಮಂಥ ಸಣ್ಣ ಗುಂಪು ಪೂರ್ತಿ ಮಾಡಿ ಮುಗಿಸಬಹುದಾದ ಕೆಲಸ ಯಾವುದು ಅಂತ ಯೋಚಿಸಿದೆವು. 20 ಯಂತ್ರಗಳ ಗುರಿ ಇಟ್ಟುಕೊಂಡೆವು. ಬಂದ ಹಣದಲ್ಲಿ ಐದರಲ್ಲಿ ಒಂದು ಪಾಲು ಚಿಕಿತ್ಸೆಗೆ ಬರುವ ಮಕ್ಕಳ ಓಡಾಟದ ಖರ್ಚಿಗೆ. ಎರಡೂ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯ ಮೂಲಕವೇ ಹೋಗಬೇಕು, ಯಾರಿಗೆ ಬೇಕು ಅನ್ನುವುದು ಅವರಿಗೇ ಗೊತ್ತಿರುತ್ತದೆ.

ಇನ್ನೊಂದು ಕೆಲಸ ಬಾಕಿ ಇತ್ತು, ಒಪ್ಪಿಗೆ ಕೇಳುವುದು. ನಾವು ಪ್ರೀತಿಸುವವರ ಕಾಯಿಲೆ ಅವರ ಸ್ವಂತ ವಿಷಯ. ಅದನ್ನು ಹತ್ತು ಜನರ ಮುಂದೆ ಹೇಳಿ ಹಣ ಕೇಳುವ ಮೊದಲು ಅವರನ್ನು ಕೇಳಬೇಕು ಅಲ್ವಾ? ಅಜ್ಜಿಯೊಬ್ಬರು ಹೆಸರು ಬೇಡ ಅಂದರು, ಬರೀ "ಅಜ್ಜಿ" ಅಂತ ಹಾಕಿ ಅಂದರು. ಹಾಗೇ ಹಾಕಿದೆವು. ನಾನು ಅಪ್ಪನ ಮುಂದೆ ಕೂತು ಎಲ್ಲ ಹೇಳಿದೆ. ಅವರು ಯಂತ್ರ ತೆಗೆದುಕೊಳ್ಳಲಿಲ್ಲ. ಸ್ಲೇಟನ್ನೇ ಎಳೆದುಕೊಂಡು ಬರೆದರು: "ನನ್ನ ಹೆಸರು ಹಾಕು. ಸಿಗರೇಟ್ ಸೇದುತ್ತಿದ್ದೆ ಅಂತಲೂ ಹೇಳು."

ಅದನ್ನು ಹೇಳುವುದು ನನಗೆ ಬೇಡವಾಗಿತ್ತು. ಯಾಕೆಂದರೆ ಧ್ವನಿಪೆಟ್ಟಿಗೆ ಅಂದ ತಕ್ಷಣ ಜನ ಮೊದಲು ಕೇಳುವುದೇ ಅದನ್ನು. "ಸೇದುತ್ತಿದ್ದರಾ?" ಹೌದು ಅಂದರೆ ಮುಖದಲ್ಲಿ ಏನೋ ಮುಚ್ಚಿಕೊಳ್ಳುತ್ತದೆ. ಈ ಕ್ಯಾನ್ಸರಿಗೆ ತಂಬಾಕೇ ದೊಡ್ಡ ಕಾರಣ, ಜೊತೆಗೆ ಕುಡಿತವೂ ಸೇರಿದರೆ ಅಪಾಯ ಇನ್ನೂ ಎಷ್ಟೋ ಪಟ್ಟು. ಅದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ತಪ್ಪು ಮಾಡದವರಿಗೆ ಮಾತ್ರ ಸಹಾಯ ಅಂತ ಲೆಕ್ಕ ಹಾಕಲು ಹೊರಟರೆ ಯಾರು ಉಳಿಯುತ್ತಾರೆ? ಅಪ್ಪ ಹೇಳಿದ್ದೇ ಸರಿ ಅಂತ ಆಮೇಲೆ ಗೊತ್ತಾಯಿತು. ನಾನೇ ಮೊದಲು ಹೇಳಿಬಿಟ್ಟರೆ ಆ ಪ್ರಶ್ನೆಗೆ ಜಾಗವೇ ಇರುತ್ತಿರಲಿಲ್ಲ. "ನಮ್ಮಪ್ಪ 22 ವರ್ಷ ಸೇದಿದರು. ಈಗ ಕತ್ತಿನಿಂದ ಉಸಿರಾಡುತ್ತಾರೆ. ನನ್ನ ಪ್ರತಿ ಸುತ್ತಿನ ಟೈಮನ್ನು ಯಂತ್ರ ಹಿಡಿದು ಹೇಳುತ್ತಾರೆ." ಇಷ್ಟು ಹೇಳಿದ ಮೇಲೆ ಒಬ್ಬರು ಸಿಗರೇಟ್ ಪ್ಯಾಕನ್ನು ಜೇಬಿನ ಇನ್ನಷ್ಟು ಒಳಕ್ಕೆ ತಳ್ಳಿದರು. ಹಣವನ್ನೂ ಕೊಟ್ಟರು.

ಓಡುವುದಕ್ಕಿಂತ ಕೇಳುವುದು ಕಷ್ಟ. 12 ಜನರೂ ಒಪ್ಪುವ ಮಾತಿದು. ಮೊದಲ ವಾರ "ಕ್ಯಾನ್ಸರ್ ವಿರುದ್ಧದ ಹೋರಾಟಕ್ಕೆ ಕೈಜೋಡಿಸಿ" ಅಂತ ಬಾಯಿಪಾಠ ಮಾಡಿಕೊಂಡು ಹೋದೆವು. ಜನ ತಲೆಯಾಡಿಸಿದರು, ಒಳ್ಳೆಯದಾಗಲಿ ಅಂದರು, ಕೈಗೆ ಏನೂ ಬರಲಿಲ್ಲ. ಎರಡನೇ ವಾರ ಮಾತು ಬದಲಿಸಿದೆವು. "ನಾವು 24 ಗಂಟೆಯಲ್ಲಿ ಸುಮಾರು 640 ಸುತ್ತು ಓಡುತ್ತೇವೆ. 32 ಸುತ್ತಿಗೆ ಒಂದು ಯಂತ್ರ. ಒಂದು ಯಂತ್ರದಿಂದ ಒಬ್ಬರು ಮತ್ತೆ ಮಾತಾಡುತ್ತಾರೆ." ಈಗ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದರು.

ಸುತ್ತಿಗೆ ಇಷ್ಟು ಅಂತ ಬರೆಸಿಕೊಳ್ಳುವುದರಲ್ಲಿ ಒಂದು ತಪ್ಪು ಮಾಡಿದೆವು, ಮುಂದೆ ಮಾಡುವವರಿಗೆ ಗೊತ್ತಿರಲಿ. ಒಬ್ಬ ತಾತ ಖುಷಿಯಲ್ಲಿ ದೊಡ್ಡ ಮೊತ್ತವನ್ನೇ ಬರೆಸಿದರು. ಅವರು ಅಂದುಕೊಂಡಿದ್ದು ಒಟ್ಟು 20, 30 ಸುತ್ತು ಅಂತ. 640ರಿಂದ ಗುಣಿಸಿದಾಗ ನನಗೇ ಎದೆ ಧಸಕ್ಕೆಂದಿತು. ಮಾರನೇ ದಿನ ಹೋಗಿ ಆ ಮೊತ್ತವನ್ನು ನಾನೇ ಹೊಡೆದುಹಾಕಿ ಬಂದೆ. ಅಂದಿನಿಂದ ಫಾರಂನಲ್ಲಿ "ಹೆಚ್ಚೆಂದರೆ ಇಷ್ಟು" ಅಂತ ಒಂದು ಸಾಲು ಸೇರಿಸಿದೆವು. ಒಟ್ಟು ಮೊತ್ತವನ್ನು ಅವರ ಎದುರೇ ಲೆಕ್ಕ ಹಾಕಿ ತೋರಿಸುತ್ತಿದ್ದೆವು.

ಹಣದ ವಿಷಯದಲ್ಲಿ ಕೋಚ್ ಸರ್ ತುಂಬ ಕಟ್ಟುನಿಟ್ಟು. ಬೇರೆಯೇ ಬ್ಯಾಂಕ್ ಖಾತೆ, ಇಬ್ಬರ ಸಹಿ. ನಂಬರ್ ಹಾಕಿದ ರಸೀದಿ ಪುಸ್ತಕ. 18 ತುಂಬದವರು ಒಬ್ಬರೇ ಯಾರ ಮನೆಗೂ ಹೋಗುವಂತಿಲ್ಲ. ಅವರ ಅಪ್ಪ ಅಮ್ಮನ ಸಹಿ ಬೇಕೇ ಬೇಕು. ಒಂದು ಸಂಜೆ ರಸೀದಿಗೂ ಡಬ್ಬಿಯ ಹಣಕ್ಕೂ ತಾಳೆಯಾಗಲಿಲ್ಲ. ಹಣವೇ ಜಾಸ್ತಿ ಇತ್ತು. ಯಾರೋ ರಸೀದಿ ಬೇಡ ಅಂತ ಹಾಕಿ ಹೋಗಿದ್ದರು. ಜಾಸ್ತಿ ತಾನೇ, ಬಿಡಿ ಸರ್ ಅಂದೆವು. ಸರ್ ಬಿಡಲಿಲ್ಲ. "ಇವತ್ತು ಜಾಸ್ತಿ ಇದ್ದಾಗ ಬರೆಯದಿದ್ದರೆ ನಾಳೆ ಕಮ್ಮಿ ಇದ್ದಾಗ ಯಾರು ನಂಬ್ತಾರೆ?" ಅಂತ "ಹೆಸರಿಲ್ಲದವರು" ಅಂತಲೇ ಒಂದು ರಸೀದಿ ಹರಿಸಿದರು.

ಒಂದು ಕಂಪನಿಯವರು ಒಟ್ಟಿಗೆ ಐದು ಯಂತ್ರದ ಹಣ ಕೊಡುತ್ತೇವೆ ಅಂದರು. ನಾವು ಕುಣಿದಾಡಿದೆವು. ಆಮೇಲೆ ಷರತ್ತು ಬಂತು. ಎದೆಯ ಮೇಲಿನ ನಂಬರ್ ಬಟ್ಟೆಯಲ್ಲಿ ಅವರ ಗುರುತು ಇರಬೇಕು. ಆದರೆ ಆ ಬಟ್ಟೆಯಲ್ಲಿ ನಾವು ನಂಬರ್ ಬದಲು ಹೆಸರು ಬರೆಯುವುದು ಅಂತ ತೀರ್ಮಾನವಾಗಿತ್ತು, ನಮ್ಮವರ ಹೆಸರು. ಆಗ ನಮಗೆ ನೆನಪಾಗಿದ್ದು ಟೆರ್ರಿ ಫಾಕ್ಸ್. ಮೂಳೆಯ ಕ್ಯಾನ್ಸರಿಗೆ ಕಾಲು ಕಳೆದುಕೊಂಡ 21 ವರ್ಷದ ಕೆನಡಾದ ಹುಡುಗ. 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ಓಟ ಶುರು ಮಾಡಿದ. ದಿನಕ್ಕೆ ಹತ್ತಿರ ಹತ್ತಿರ ಒಂದು ಮ್ಯಾರಥಾನ್, 143 ದಿನ, 5,373 ಕಿಲೋಮೀಟರ್. ಶ್ವಾಸಕೋಶಕ್ಕೆ ಕ್ಯಾನ್ಸರ್ ಹಬ್ಬಿದ್ದಕ್ಕೆ ಥಂಡರ್ ಬೇ ಅನ್ನುವ ಊರಿನ ಹತ್ತಿರ ನಿಲ್ಲಿಸಬೇಕಾಯಿತು. ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್ ಅನ್ನುವುದು ಅವನ ಕನಸು. 1981ರ ಫೆಬ್ರವರಿ ಹೊತ್ತಿಗೆ 2 ಕೋಟಿ 40 ಲಕ್ಷ ಡಾಲರ್ ದಾಟಿತ್ತು. ಅಂದಿನ ಕೆನಡಾದ ಜನಸಂಖ್ಯೆಯೂ ಅಷ್ಟೇ. ಆ ಜೂನಿನಲ್ಲಿ ಅವನು ತೀರಿಕೊಂಡ. ಅಂಥವನು ತಮ್ಮ ಸರಕಿಗೆ ಪ್ರಚಾರ ಮಾಡು ಅಂದ ಕಂಪನಿಗಳಿಗೆ ಬೇಡ ಅಂದಿದ್ದ, ಷರತ್ತು ಹಾಕಿ ಕೊಟ್ಟ ಹಣವನ್ನೂ ತೆಗೆದುಕೊಂಡಿರಲಿಲ್ಲ. ನಾವೂ ಬೇಡ ಅಂದೆವು. ಐದು ಯಂತ್ರ ಕೈಬಿಟ್ಟಿದ್ದು ಸರಿಯಾ ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಐದು ಜನರ ಮಾತು ಅದು. ಈಗಲೂ ಪೂರ್ತಿ ಸಮಾಧಾನ ಇಲ್ಲ.

ಆದರೆ ಆ ಬಟ್ಟೆಗಳನ್ನು ನೀವು ನೋಡಬೇಕಿತ್ತು. ಹರ್ಡಲ್ಸ್ ಹುಡುಗ ತಮ್ಮನ ಹಳೆಯ ನೋಟ್‌ಬುಕ್ ತಂದಿದ್ದ. ಮುಖಪುಟದಲ್ಲಿ ಪುಟಾಣಿ ತನ್ನ ಹೆಸರನ್ನು ತಾನೇ ಬರೆದಿದ್ದ. ಒಂದು ಅಕ್ಷರದ ಒತ್ತು ತಪ್ಪಿತ್ತು. ಬಟ್ಟೆಯ ಕೆಳಗೆ ಆ ಹಾಳೆ ಇಟ್ಟು ಮೊಬೈಲ್ ಬೆಳಕಿನಲ್ಲಿ ಗೆರೆ ಮೇಲೆ ಗೆರೆ ಎಳೆದು ಅದೇ ಕೈಬರಹವನ್ನು ಇಳಿಸಿದ. ತಪ್ಪನ್ನೂ ಹಾಗೇ ಇಳಿಸಿದ. ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿಕೊಟ್ಟವಳು ನಾನು. ಅವನ ಎದೆ ಬಡಿದುಕೊಳ್ಳುತ್ತಿದ್ದದ್ದು ಬೆರಳಿಗೆ ಗೊತ್ತಾಗುತ್ತಿತ್ತು.

ಹಣ ಕೇಳಲು ಹೋದ ಕಡೆಯೆಲ್ಲ ಜನ ನಮಗೆ ಹೆಸರುಗಳನ್ನೂ ಕೊಟ್ಟರು. ಹಾಗಾಗುತ್ತದೆ ಅಂತ ನಾವು ಅಂದುಕೊಂಡಿರಲಿಲ್ಲ. ಬಾಗಿಲಲ್ಲೇ ನಿಂತು ಅರ್ಧ ಗಂಟೆ ಹೆಂಡತಿಯ ಬಗ್ಗೆ ಹೇಳಿದವರಿದ್ದಾರೆ. ಒಬ್ಬ ಅಮ್ಮ ಹಣ ಕೊಡಲಿಲ್ಲ, ಇಲ್ಲ ಮಗಳೇ ಅಂದರು. ನಾವು ಹೊರಟಾಗ ಹಿಂದೆ ಕರೆದು, "ನನ್ನ ಮಗನ ಹೆಸರೂ ಬರೀತೀರಾ?" ಅಂದರು. ಬರೆದೆವು. ಓಟದ ದಿನದ ಹೊತ್ತಿಗೆ ಪ್ರತಿಯೊಬ್ಬರ ಬೆನ್ನ ಮೇಲಿನ ಬಟ್ಟೆಯೂ ಸಣ್ಣ ಅಕ್ಷರಗಳಿಂದ ತುಂಬಿತ್ತು.

ಬೆಳಿಗ್ಗೆ ಎಂಟಕ್ಕೆ ಶುರು. ಒಳಗಿನ ಮೊದಲ ಲೇನು 400 ಮೀಟರ್. ಎರಡನೆಯದರಲ್ಲಿ ಓಡಿದರೆ ಸುತ್ತಿಗೆ ಏಳೂವರೆ ಮೀಟರಿಗಿಂತ ಜಾಸ್ತಿಯಾಗುತ್ತದೆ. ಹಾಗಾಗಿ ಜೊತೆಗೆ ನಡೆಯಲು ಬಂದವರಿಗೆಲ್ಲ ಹೊರಗಿನ ಲೇನು. ಆರು ಗಂಟೆಗೊಮ್ಮೆ ದಿಕ್ಕು ಬದಲಿಸಿದೆವು. ಒಂದೇ ಕಡೆ ತಿರುಗುತ್ತಿದ್ದರೆ ಒಂದೇ ಕಾಲಿನ ಮೇಲೆ ಭಾರ ಬಿದ್ದು ಮಂಡಿ ಹಿಡಿದುಕೊಳ್ಳುತ್ತದೆ. ಹಗಲು ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಅಷ್ಟು ಜನ, ಅಷ್ಟು ಚಪ್ಪಾಳೆ.

ಸುತ್ತು ಎಣಿಸುವ ಕೆಲಸ ಅಪ್ಪನದು. ಮೊಬೈಲಿನಲ್ಲೂ ಎಣಿಕೆ ಇತ್ತು, ಆದರೆ ಅಪ್ಪ ನೋಟ್‌ಬುಕ್ ಬಿಡಲಿಲ್ಲ. ನಾಲ್ಕು ಗೀಟು, ಅದರ ಮೇಲೆ ಅಡ್ಡ ಒಂದು. ಮೇಜಿನ ದೀಪದ ಕೆಳಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಟ್ರ್ಯಾಕಿನ ಧೂಳು ಕತ್ತಿನ ರಂಧ್ರಕ್ಕೆ ಹೋಗಬಾರದು, ಒಣ ಗಾಳಿಯೂ ಆಗುವುದಿಲ್ಲ. ಅದಕ್ಕೆ ಅಮ್ಮ ಗಂಟೆಗೊಮ್ಮೆ ಬಟ್ಟೆ ಒದ್ದೆ ಮಾಡಿ ಹಿಂಡಿ ಕಟ್ಟುತ್ತಿದ್ದರು. ಮಲಗಿ ಅಂತ ನಾನು ಹೇಳಿದೆ, ಅಮ್ಮ ಹೇಳಿದರು, ಕೋಚ್ ಸರ್ ಹೇಳಿದರು. ಪೆನ್ನು ಕೆಳಗಿಡಲಿಲ್ಲ.

ನನ್ನ ಮೂರನೇ ಸರದಿ ರಾತ್ರಿ ಮೂರಕ್ಕೆ. ಜನ ಯಾರೂ ಇಲ್ಲ. ಹೊಟ್ಟೆ ತೊಳಸುತ್ತಿತ್ತು, ಮೀನಖಂಡ ಕಲ್ಲಾಗಿತ್ತು. ಏಳನೇ ಸುತ್ತಿನಲ್ಲಿ ನಡೆದುಬಿಡೋಣ ಅನ್ನಿಸಿತು. ಮೇಜು ದಾಟುವಾಗ ಗುಂಯ್ ಅಂತ ಆ ಸದ್ದು ಕೇಳಿತು. "ನೂರಾ ಮೂವತ್ತೊಂದು. ಭುಜ. ಇಳಿಸು." ಆ ಸುತ್ತಿಗೆ ಹಿಡಿದ ಸೆಕೆಂಡು. ಏರಿಳಿತ ಇಲ್ಲದ ಅದೇ ದನಿ. ಖಾಲಿ ಮೈದಾನದಲ್ಲಿ ಎದುರು ಬದಿಯವರೆಗೂ ಕೇಳಿತಂತೆ. ನಾನು ಭುಜ ಇಳಿಸಿದೆ. ಆ ಸರದಿಯಲ್ಲಿ 13 ಸುತ್ತು ಆಯಿತು.

ಮಧ್ಯದಲ್ಲಿ ಒಮ್ಮೆ ಮೊಬೈಲ್ 401 ಅಂತು, ನೋಟ್‌ಬುಕ್ 400 ಅಂತು. ಜನ ಸುತ್ತಿನ ಲೆಕ್ಕದಲ್ಲಿ ಹಣ ಕೊಡುವವರು. ಕಮ್ಮಿ ಇರುವುದನ್ನೇ ಹಿಡಿದೆವು. ಬೆಳಿಗ್ಗೆ ಎಂಟಕ್ಕೆ ಕೊನೆಯ ಗೀಟು ಬಿದ್ದಾಗ 655. ಅಂದರೆ 262 ಕಿಲೋಮೀಟರ್.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಬರೆಸಿದ ಹಣ ಕೈಗೆ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಮಕ್ಕಳ ಪಾಲು ಕಳೆದು ಉಳಿಯುವುದು ಬರೆಸಿದ ಲೆಕ್ಕಕ್ಕೆ 27 ಯಂತ್ರದಷ್ಟಿತ್ತು. ಬಂದದ್ದು 23ರಷ್ಟು. ಒಂದು ಸಲ ನೆನಪು ಮಾಡಿದೆವು, ಎರಡನೇ ಸಲ ಮಾಡಿದೆವು, ಅಲ್ಲಿಗೆ ನಿಲ್ಲಿಸಿದೆವು. ಯಾರ ಮನೆಯಲ್ಲಿ ಏನಿದೆಯೋ. ಕೊಟ್ಟವರಿಗೆಲ್ಲ ಒಂದು ಹಾಳೆ ಕಳಿಸಿದೆವು: ಎಷ್ಟು ಬಂತು, ಬಾಡಿಗೆ ದೀಪಕ್ಕೆ ಎಷ್ಟು ಹೋಯಿತು, ಮಕ್ಕಳ ಓಡಾಟಕ್ಕೆ ಎಷ್ಟು, ಯಂತ್ರಕ್ಕೆ ಎಷ್ಟು. ಬ್ಯಾಟರಿಯ ಖರ್ಚನ್ನು ನಾವು ಮೊದಲು ಮರೆತಿದ್ದೆವು. ಯಂತ್ರ ಕೊಟ್ಟು ಬ್ಯಾಟರಿ ಕೊಡದಿದ್ದರೆ ಏನು ಬಂತು? 23ರ ಬದಲು 22 ಯಂತ್ರ ತೆಗೆದುಕೊಂಡು ಉಳಿದದ್ದಕ್ಕೆ ಬ್ಯಾಟರಿ, ಚಾರ್ಜರ್ ಕೊಂಡೆವು.

ಮೊದಲ ಆರು ಯಂತ್ರ ಕೊಡುವ ದಿನ ಸಮಾಜ ಕಾರ್ಯಕರ್ತೆ ಅಪ್ಪನನ್ನೂ ಕರೆದರು. ಯಂತ್ರ ಕೈಗೆ ಬಂದ ಕೂಡಲೇ ಮಾತು ಬರುವುದಿಲ್ಲ. ಕತ್ತಿನಲ್ಲಿ ಮೆತ್ತಗಿರುವ ಒಂದು ಜಾಗ ಹುಡುಕಬೇಕು. ರೇಡಿಯೇಷನ್ ಆದವರ ಚರ್ಮ ಗಟ್ಟಿಯಾಗಿರುತ್ತದೆ, ನಡುಕ ಒಳಗೆ ಹೋಗುವುದಿಲ್ಲ. ಕೆಲವರು ಕೆನ್ನೆಗೆ ಹಿಡಿಯಬೇಕಾಗುತ್ತದೆ. ಅಪ್ಪನ ವಯಸ್ಸಿನವರೇ ಒಬ್ಬರು ಇದ್ದರು. ಎಲ್ಲಿ ಒತ್ತಿದರೂ ಬರೀ ಗುಂಯ್ ಸದ್ದು. ಪಕ್ಕದಲ್ಲಿ ಅವರ ಹೆಂಡತಿ ಸೆರಗಿನ ತುದಿ ಹಿಡಿದು ಅವರ ತುಟಿಯನ್ನೇ ನೋಡುತ್ತಿದ್ದರು. ಹತ್ತು ನಿಮಿಷವಾಯಿತು. ಅವರು ಯಂತ್ರವನ್ನು ಮೇಜಿನ ಮೇಲಿಟ್ಟುಬಿಟ್ಟರು.

ಅಪ್ಪ ಎದ್ದು ಹೋಗಿ ಅವರ ಎದುರು ಕುರ್ಚಿ ಹಾಕಿಕೊಂಡರು. ಯಂತ್ರವನ್ನು ಮತ್ತೆ ಅವರ ಕೈಗೆ ಕೊಟ್ಟು ಆ ಕೈಯನ್ನು ತಮ್ಮ ಕೈಯಿಂದ ಹಿಡಿದರು. ಗದ್ದದ ಕೆಳಗೆ ನಿಧಾನ ಸರಿಸುತ್ತಾ ಹೋದರು. ಇನ್ನೊಂದು ಕೈಯಲ್ಲಿ ತಮ್ಮ ಯಂತ್ರ ಎತ್ತಿ ಕತ್ತಿಗೆ ಹಿಡಿದು ಹೇಳಿದರು:

"ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ. ಹಾಂ, ಅಲ್ಲೇ. ಈಗ ಹೇಳಿ."